ಎರಡು ಸಲ ನೋಡಿ ಕಾಲಿಡು

2023ರ ಆಗಸ್ಟ್ 23ರ ಸಂಜೆ ಎಲ್ಲಿದ್ರಿ ಅಂತ ಯಾರಾದರೂ ಕೇಳಿದರೆ ನಿಮಗೂ ಥಟ್ಟನೆ ನೆನಪಾಗಬಹುದು. ನಾನು ಆಫೀಸಿನ ಪ್ಯಾಂಟ್ರಿಯಲ್ಲಿದ್ದೆ. ಆರು ಗಂಟೆಗೆ ಇದ್ದ ಮೀಟಿಂಗನ್ನು ಯಾರೂ ಕ್ಯಾನ್ಸಲ್ ಮಾಡಿರಲಿಲ್ಲ, ಆದರೆ ಯಾರೂ ಹೋಗಲೂ ಇಲ್ಲ. ಕಾಫಿ ಮೆಷಿನ್ ಪಕ್ಕದ ಟಿವಿಯಲ್ಲಿ ಎತ್ತರ ತೋರಿಸುವ ಗೆರೆ ನಿಧಾನಕ್ಕೆ ಇಳೀತಾ ಇತ್ತು. 2019ರಲ್ಲಿ ಇದೇ ಥರ ಗೆರೆ ನೋಡ್ತಾ ನೋಡ್ತಾ ಅದು ದಾರಿ ತಪ್ಪಿದ್ದನ್ನು ಕಂಡವರು ಉಗುರು ಕಚ್ಚುತ್ತಾ ನಿಂತಿದ್ದರು. 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ಮೇಲೆ ಕಾಲೂರಿತು. ಆಮೇಲೆ ಪ್ಯಾಂಟ್ರಿಯಲ್ಲಿ ಆಗಿದ್ದನ್ನು ವರ್ಣಿಸಬೇಕಿಲ್ಲ, ನಿಮ್ಮಲ್ಲೂ ಅದೇ ಆಗಿರುತ್ತೆ.

ಹತ್ತು ನಿಮಿಷಕ್ಕೆ ಅಮ್ಮನ ಫೋನ್.

"ನೋಡಿದ್ಯೇನೋ?"

"ನೋಡ್ದೆ ಅಮ್ಮ."

"ಅಲ್ವೋ, ಒಂದು ಕೇಳ್ತೀನಿ. ಅಲ್ಲಿ ಬಂಡೆ ಇದ್ಯೋ ಗುಂಡಿ ಇದ್ಯೋ, ಇಲ್ಲಿ ಕೂತಿರೋ ಇವರಿಗೆ ಹೇಗೆ ಗೊತ್ತಾಯ್ತು? ನಮ್ಮ ಬೀದೀಲೇ ಮಳೆ ಬಂದು ನೀರು ನಿಂತ್ರೆ ಗುಂಡಿ ಎಷ್ಟು ಆಳ ಅಂತ ಗೊತ್ತಾಗಲ್ಲ."

"ಮೇಲಿಂದ ಫೋಟೋ ತೆಗೆದಿರ್ತಾರಮ್ಮ."

"ಫೋಟೋದಲ್ಲಿ ಆಳ ಎಲ್ಲಿ ಕಾಣತ್ತೋ?"

ನನಗೆ ಉತ್ತರ ತಿಳಿದಿರಲಿಲ್ಲ. ಇಂಜಿನಿಯರಿಂಗ್ ಓದಿದ ಮಗ "ಅದೆಲ್ಲಾ ಸಾಫ್ಟ್‌ವೇರ್ ಅಮ್ಮ" ಅಂದು ಫೋನ್ ಇಟ್ಟ. ಆಮೇಲೆ ನಾಚಿಕೆಯಾಗಿ ಓದಲು ಕೂತೆ. ಈ ಬರಹ ಅಮ್ಮನಿಗೆ ತಡವಾಗಿ ಕೊಡ್ತಿರೋ ಉತ್ತರ.

ಉತ್ತರ ಶುರುವಾಗುವುದು ಜರ್ಮನಿಯ ವೆಟ್ಸ್ಲಾರ್ ಎಂಬ ಊರಿನ ದೊಡ್ಡ ಚರ್ಚಿನ ಗೋಡೆಯ ಮೇಲೆ, 1858ರಲ್ಲಿ. ಆಲ್ಬ್ರೆಕ್ಟ್ ಮೈಡನ್‌ಬೌವರ್ ಎಂಬ ಇಪ್ಪತ್ತನಾಲ್ಕರ ತರುಣನಿಗೆ ಆ ಚರ್ಚಿನ ಅಳತೆ ತೆಗೆಯುವ ಸರ್ಕಾರಿ ಕೆಲಸ ಸಿಕ್ಕಿತ್ತು. ಗೋಡೆಯುದ್ದಕ್ಕೂ ಸಾರುವೆ ಕಟ್ಟಿಸೋಕೆ ದುಡ್ಡೂ ಬೇಕು, ಸಮಯವೂ ಬೇಕು. ಅದಕ್ಕೆ ಹಗ್ಗದಲ್ಲಿ ನೇತುಹಾಕಿದ ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ಕೂತು, ಮೇಲೆ ಕೆಳಗೆ ಓಡಾಡುತ್ತಾ ಅಳೆಯುತ್ತಿದ್ದ. ಒಂದು ಸಂಜೆ ಪೆಟ್ಟಿಗೆಯಿಂದ ಮೇಲಿನ ಮೊಗಸಾಲೆಗೆ ಕಾಲಿಡುವಾಗ ಪೆಟ್ಟಿಗೆ ಹಿಂದಕ್ಕೆ ಸರಿಯಿತು. ಕೈಗೆ ಸಿಕ್ಕ ಗೋಡೆಯ ಅಂಚನ್ನು ಹಿಡಿದು ಹೇಗೋ ಬದುಕಿಕೊಂಡ.

ಬದುಕಿ ಕೆಳಗಿಳಿದವನಿಗೆ ಬಂದ ಯೋಚನೆ ಇದು: ಗೋಡೆ ಹತ್ತಿ ಯಾಕೆ ಅಳೀಬೇಕು? ಕಟ್ಟಡದ ಫೋಟೋ ತೆಗೆದು, ಫೋಟೋದಿಂದಲೇ ಅಳತೆ ತೆಗೆಯೋಕೆ ಆಗಲ್ವಾ? ಫೋಟೋಗ್ರಫಿ ಆಗಿನ್ನೂ ಎಳೆಯ ವಿದ್ಯೆ. ಫ್ರಾನ್ಸಿನಲ್ಲಿ ಎಮೆ ಲೊಸ್ಸೆಡಾ ಎಂಬ ಸೈನ್ಯಾಧಿಕಾರಿ ಇದೇ ದಿಕ್ಕಿನಲ್ಲಿ ನಕ್ಷೆ ಮಾಡುವ ಪ್ರಯೋಗ ನಡೆಸುತ್ತಿದ್ದ. ಆದರೆ ಈ ವಿದ್ಯೆಗೆ ಹೆಸರು ಬಂದದ್ದು ಮೈಡನ್‌ಬೌವರ್‌ನಿಂದ. 1867ರಲ್ಲಿ ಬರ್ಲಿನ್‌ನ ವಾಸ್ತುಶಿಲ್ಪಿಗಳ ವಾರಪತ್ರಿಕೆಯಲ್ಲಿ 'ಫೋಟೋಗ್ರಾಮೆಟ್ರಿ' ಎಂಬ ಪದ ಮೊದಲ ಸಲ ಅಚ್ಚಾಯಿತು. ಗ್ರೀಕ್ ಬೇರುಗಳನ್ನು ಬಿಡಿಸಿದರೆ ಬೆಳಕು, ಬರೆದದ್ದು, ಅಳತೆ. ಬೆಳಕು ಬರೆದದ್ದನ್ನು ಅಳೆಯುವುದು ಅಂದುಕೊಳ್ಳಿ. 1885ರಲ್ಲಿ ಪ್ರಶ್ಯಾ ಸರ್ಕಾರ ಇದಕ್ಕಂತಲೇ ಒಂದು ಸಂಸ್ಥೆ ಮಾಡಿ ಅವನನ್ನೇ ಅದರ ಮುಖ್ಯಸ್ಥನಾಗಿ ಕೂರಿಸಿತು.

ಈ ವಿದ್ಯೆ ಹುಟ್ಟಿದ್ದೇ ಒಬ್ಬ ಮನುಷ್ಯ ಬೀಳುವುದರಲ್ಲಿದ್ದ ಅನ್ನೋ ಕಾರಣಕ್ಕೆ. ಮುಂದಿನ ಕಥೆಯಲ್ಲಿ ಇದು ಮತ್ತೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಈಗ ಅಮ್ಮನ ಪ್ರಶ್ನೆ. ಫೋಟೋದಲ್ಲಿ ಆಳ ಎಲ್ಲಿ ಕಾಣುತ್ತೆ? ಒಂದೇ ಫೋಟೋದಲ್ಲಿ ನಿಜಕ್ಕೂ ಕಾಣಲ್ಲ. ಎರಡು ಬೇಕು.

ನಿಮ್ಮ ಹೆಬ್ಬೆರಳನ್ನು ಕಣ್ಣೆದುರು ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಎದುರು ಬೆರಳು ಆ ಕಡೆ ಈ ಕಡೆ ಜಿಗಿಯುತ್ತೆ. ಬೆರಳು ಹತ್ತಿರ ತಂದರೆ ಜಾಸ್ತಿ ಜಿಗಿತ, ದೂರ ಒಯ್ದರೆ ಕಡಿಮೆ. ಮೈಸೂರಿಗೆ ಹೋಗುವ ರೈಲಿನ ಕಿಟಕಿಯಲ್ಲೂ ಇದೇ ನಡೆಯುತ್ತೆ. ಹಳಿ ಪಕ್ಕದ ಕಂಬ ಸರ್ರನೆ ಹಿಂದೆ ಓಡುತ್ತೆ, ರಾಮನಗರದ ಬೆಟ್ಟ ಮಾತ್ರ ಬಹಳ ಹೊತ್ತು ಜೊತೆಗೇ ಬರುತ್ತೆ. ಯಾವುದು ಎಷ್ಟು ಸರಿಯಿತು ಅಂತ ಅಳೆದರೆ ಅದು ಎಷ್ಟು ದೂರ ಇದೆ ಅನ್ನೋದು ಸಿಕ್ಕಿಬಿಡುತ್ತೆ. ಮೇಲಿಂದ ನೋಡುವಾಗ ಬೆಟ್ಟದ ತುದಿ ನಮಗೆ ಹತ್ತಿರ, ಬುಡ ದೂರ. ಎರಡು ಜಾಗದಿಂದ ತೆಗೆದ ಎರಡು ಫೋಟೋಗಳಲ್ಲಿ ತುದಿ ಹೆಚ್ಚು ಸರಿದಿರುತ್ತೆ, ಬುಡ ಕಡಿಮೆ. ಆ ವ್ಯತ್ಯಾಸವೇ ಎತ್ತರ. ಉಳಿದದ್ದು ಲೆಕ್ಕ.

ಫೋಟೋ ಒಂದೇ ಇದ್ದರೆ ಏನು ಗತಿ? ಆಗ ನೆರಳೇ ಆಧಾರ. 1610ರಲ್ಲಿ ಗೆಲಿಲಿಯೋ ಮಾಡಿದ್ದು ಅದನ್ನೇ. ಚಂದ್ರನ ಕತ್ತಲ ಭಾಗದೊಳಗೆ, ಬೆಳಕಿನ ಗಡಿಯಿಂದ ದೂರದಲ್ಲಿ, ಒಂಟಿ ಚುಕ್ಕಿಗಳು ಹೊಳೆಯುವುದನ್ನು ಅವನು ದೂರದರ್ಶಕದಲ್ಲಿ ಕಂಡ. ಕಣಿವೆಯಲ್ಲಿ ಇನ್ನೂ ಕತ್ತಲಿರುವಾಗಲೇ ಬೆಟ್ಟದ ತುದಿಗೆ ಬಿಸಿಲು ಬೀಳುತ್ತಲ್ಲ, ಹಾಗೆ. ಗಡಿಯಿಂದ ಚುಕ್ಕಿಗಿರುವ ದೂರ ಹಿಡಿದು ತ್ರಿಕೋನ ಹಾಕಿ, ಚಂದ್ರನ ಬೆಟ್ಟಗಳು ನಾಲ್ಕು ಮೈಲಿಗೂ ಎತ್ತರ ಅಂತ ಬರೆದ. ಸ್ವಲ್ಪ ಹೆಚ್ಚಾಯಿತು, ಆದರೆ ದಾರಿ ಸರಿಯಾಗಿತ್ತು. ಮುಟ್ಟದೆ, ಹತ್ತದೆ ದೂರದಿಂದಲೇ ಒಂದು ವಸ್ತುವನ್ನು ತಿಳಿಯುವುದನ್ನು ಇವತ್ತು ದೂರಸಂವೇದನೆ ಅಂತೀವಿ, ಅಂದರೆ ರಿಮೋಟ್ ಸೆನ್ಸಿಂಗ್.

ಆದರೆ ನೆರಳನ್ನು ನಂಬಿದರೆ ಅದು ಕೈಕೊಡುವುದೂ ಉಂಟು. ರಾತ್ರಿ ಗಾಡಿ ಓಡಿಸುವಾಗ ಹೆಡ್‌ಲೈಟ್ ತಗ್ಗಿನಿಂದ ಬೀಳೋದರಿಂದ ಸಣ್ಣ ಉಬ್ಬಿಗೂ ಉದ್ದ ನೆರಳು. ನಟ್ಟನಡು ಮಧ್ಯಾಹ್ನ ಅದೇ ರಸ್ತೆ ಸಪಾಟಾಗಿ ಕಾಣುತ್ತೆ. ಬಾಹ್ಯಾಕಾಶದಲ್ಲಿ ಈ ಎರಡೂ ಮೋಸಗಳು ನಡೆದಿವೆ.

ಮೊದಲನೆಯದು ಮಧ್ಯಾಹ್ನದ ಮೋಸ. 1959ರ ಅಕ್ಟೋಬರ್ 7ರಂದು ಸೋವಿಯತ್ ಒಕ್ಕೂಟದ ಲೂನಾ 3 ನೌಕೆ ಚಂದ್ರನ ಆಚೆ ಮುಖದ ಫೋಟೋ ತೆಗೆಯಿತು. ಮನುಷ್ಯರು ಅದುವರೆಗೆ ಒಮ್ಮೆಯೂ ನೋಡಿರದ ಮುಖ. ಫಿಲ್ಮನ್ನು ನೌಕೆಯೊಳಗೇ ತೊಳೆದು, ಒಣಗಿಸಿ, ಸ್ಕ್ಯಾನ್ ಮಾಡಿ ರೇಡಿಯೋದಲ್ಲಿ ಕಳಿಸಲಾಯಿತು. ಚಿತ್ರ ಮಸುಕು ಮಸುಕು. ಸೂರ್ಯ ನೌಕೆಯ ಬೆನ್ನ ಹಿಂದಿದ್ದುದರಿಂದ ನೆರಳುಗಳೂ ಇಲ್ಲ. ಆ ಚಿತ್ರದಲ್ಲಿ ಬೆಳ್ಳಗೆ ಉದ್ದಕ್ಕೆ ಒಂದು ಪಟ್ಟೆ ಕಂಡಿತು. ಪರ್ವತಶ್ರೇಣಿ ಅಂದುಕೊಂಡು 'ಸೋವಿಯತ್ ಪರ್ವತಗಳು' ಅಂತ ಹೆಸರಿಟ್ಟು ನಕ್ಷೆಗೂ ಸೇರಿಸಿದರು. ಮುಂದೆ ಬೇರೆ ನೌಕೆಗಳು ಬೇರೆ ಕೋನದಿಂದ, ಬೇರೆ ಬಿಸಿಲಿನಲ್ಲಿ ನೋಡಿದಾಗ ಅಲ್ಲಿ ಪರ್ವತವೇ ಇರಲಿಲ್ಲ. ಉಲ್ಕೆ ಬಡಿದಾಗ ಸಿಡಿದು ಹರಡಿದ ಬಿಳಿ ಪುಡಿಯ ಪಟ್ಟೆ ಅದು. ಹೆಸರನ್ನು ನಕ್ಷೆಯಿಂದ ತೆಗೆದರು.

ಎರಡನೆಯದು ಹೆಡ್‌ಲೈಟ್ ಮೋಸ, ಇದು ಇನ್ನೂ ಪ್ರಸಿದ್ಧ. 1976ರ ಜುಲೈ 25ರಂದು ಅಮೆರಿಕದ ವೈಕಿಂಗ್ 1 ಆರ್ಬಿಟರ್ ಮಂಗಳನ ಸಿಡೋನಿಯಾ ಪ್ರದೇಶದ ಫೋಟೋ ತೆಗೆಯಿತು. ಅದು ಹುಡುಕುತ್ತಿದ್ದದ್ದು ವೈಕಿಂಗ್ 2 ಇಳಿಯೋಕೆ ಜಾಗ. ಸಂಜೆಯ ಓರೆ ಬಿಸಿಲು. ಚಿತ್ರದಲ್ಲಿ ಒಂದು ಗುಡ್ಡ ಮನುಷ್ಯನ ಮುಖದ ಹಾಗೆ ಕಂಡಿತು: ಕಣ್ಣು, ಮೂಗು, ಬಾಯಿ. ಒಂದು ಮೂಗಿನ ಹೊಳ್ಳೆ ಅಂತೂ ಮಾಹಿತಿ ರವಾನೆಯಾಗುವಾಗ ಬಿಟ್ಟುಹೋದ ಕಪ್ಪು ಚುಕ್ಕಿ, ಅಷ್ಟೇ. ನಾಸಾ ಚಿತ್ರವನ್ನು ಬಿಡುಗಡೆ ಮಾಡುವಾಗಲೇ ಇದು ನೆರಳುಬೆಳಕಿನ ಆಟ ಅಂತ ಹೇಳಿತ್ತು. ಯಾರು ಕೇಳ್ತಾರೆ? ಪುಸ್ತಕಗಳು ಬಂದವು, ಟಿವಿ ಕಾರ್ಯಕ್ರಮಗಳು ಬಂದವು, ಮಂಗಳದ ನಾಗರಿಕತೆ ಕಟ್ಟಿದ ಸ್ಮಾರಕ ಅಂತ ವಾದಗಳು ಬಂದವು.

ಇಪ್ಪತ್ತೆರಡು ವರ್ಷದ ಮೇಲೆ, 1998ರ ಏಪ್ರಿಲ್‌ನಲ್ಲಿ, ಮಾರ್ಸ್ ಗ್ಲೋಬಲ್ ಸರ್ವೇಯರ್ ಅದೇ ಗುಡ್ಡವನ್ನು ಹೆಚ್ಚು ಸ್ಪಷ್ಟವಾಗಿ ನೋಡಿತು. ಮುಖ ಇಲ್ಲ. ಮೋಡ ಮುಸುಕಿತ್ತು, ಅದಕ್ಕೇ ಕಾಣಲಿಲ್ಲ ಅಂದರು ನಂಬಿದವರು. 2001ರಲ್ಲಿ ಇನ್ನೂ ಸ್ಪಷ್ಟವಾದ ಚಿತ್ರ ಬಂತು. ಆಗಲೂ ಇಲ್ಲ. 2006ರಲ್ಲಿ ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ಕೆಲಸ ಮುಗಿಸಿತು. ಅದರಲ್ಲಿದ್ದ ಜರ್ಮನ್ ಕ್ಯಾಮೆರಾ ಒಂದೇ ಹಾದಿಯಲ್ಲಿ ಸಾಗುತ್ತಾ ಮುಂದಕ್ಕೂ ಕೆಳಕ್ಕೂ ಹಿಂದಕ್ಕೂ ನೋಡುತ್ತಿತ್ತು. ಹೀಗೆ ಸಿಕ್ಕ ಹಲವು ನೋಟಗಳಿಂದ ಆ ಗುಡ್ಡದ ಮೂರು ಆಯಾಮದ ಆಕಾರ ಕಟ್ಟಿ, ಸುತ್ತ ತಿರುಗಿಸಿ ತೋರಿಸಿದರು. ಗಾಳಿಗೆ ಸವೆದ, ಬಂಡೆ ಜಾರಿದ ಒಂದು ಸಾಧಾರಣ ದಿಬ್ಬ. ಮೈಡನ್‌ಬೌವರ್‌ನ ನಾಡಿನವರೇ ಅದನ್ನು ಅಳೆದದ್ದು ಕಾಕತಾಳೀಯ ಇರಬಹುದು, ನನಗೆ ಮಾತ್ರ ಖುಷಿಯಾಯಿತು.

ಇಲ್ಲದ ಬೆಟ್ಟಕ್ಕೆ ಹೆಸರಿಟ್ಟರೆ, ಗುಡ್ಡದಲ್ಲಿ ಮುಖ ಕಂಡರೆ ಯಾರ ಗಂಟೂ ಹೋಗಲ್ಲ. ಆದರೆ ಅಲ್ಲಿ ಕಾಲಿಡಬೇಕು ಅಂದಾಗ ಲೆಕ್ಕ ಬೇರೆ.

ವೈಕಿಂಗ್ 1 ಲ್ಯಾಂಡರನ್ನೇ ನೋಡಿ. ಅದು 1976ರ ಜುಲೈ 4ಕ್ಕೆ, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೇ ವರ್ಷದ ದಿನವೇ ಮಂಗಳದ ಮೇಲೆ ಇಳಿಯಬೇಕಿತ್ತು. ಜಾಗ ಗೊತ್ತುಮಾಡಿ ಆಗಿತ್ತು. ಆದರೆ ಜೂನ್‌ನಲ್ಲಿ ಆರ್ಬಿಟರ್ ಮಂಗಳ ತಲುಪಿ ಕಳಿಸಿದ ಫೋಟೋಗಳಲ್ಲಿ ಆ ಜಾಗ ಅಂದುಕೊಂಡದ್ದಕ್ಕಿಂತ ಒರಟಾಗಿ ಕಂಡಿತು. ಹಬ್ಬದ ದಿನಕ್ಕೆ ದೇಶವೇ ಕಾಯುತ್ತಿರುವಾಗ "ಇವತ್ತು ಬೇಡ" ಅನ್ನೋಕೆ ಧೈರ್ಯ ಬೇಕು. ಡೆಡ್‌ಲೈನ್ ಜೊತೆ ಗುದ್ದಾಡುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಅವರು ಮುಂದೂಡಿದರು. ಹೊಸ ಜಾಗ ಹುಡುಕಿದರು, ಭೂಮಿಯಿಂದ ರೇಡಾರ್ ಅಲೆ ಬಿಟ್ಟು ನೆಲ ಎಷ್ಟು ಒರಟು ಅಂತಲೂ ನೋಡಿದರು. ಕೊನೆಗೆ ಜುಲೈ 20ರಂದು ಲ್ಯಾಂಡರ್ ಕ್ರೈಸಿ ಬಯಲಿನಲ್ಲಿ ಸುರಕ್ಷಿತವಾಗಿ ಇಳಿಯಿತು.

ಇಳಿದ ಮೇಲೆ ತನ್ನ ಸುತ್ತಲಿನ ಫೋಟೋ ಕಳಿಸಿತು. ಸುಮಾರು ಎಂಟು ಮೀಟರ್ ಆಚೆ ಎರಡು ಮೀಟರ್ ಅಗಲದ ಒಂದು ಬಂಡೆ! ಅದಕ್ಕೆ 'ಬಿಗ್ ಜೋ' ಅಂತ ಹೆಸರಿಟ್ಟರು. ಲ್ಯಾಂಡರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇದ್ದ ಜಾಗ ಸುಮಾರು 22 ಸೆಂಟಿಮೀಟರ್. ಆ ಬಂಡೆಯ ಮೇಲೆ ಇಳಿದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಂದಿನ ಆರ್ಬಿಟರ್ ಚಿತ್ರಗಳಲ್ಲಿ ಕ್ರಿಕೆಟ್ ಸ್ಟೇಡಿಯಂ ಗಾತ್ರದ್ದು ಕಾಣುತ್ತಿತ್ತೇ ಹೊರತು ಬಂಡೆ ಕಾಣುತ್ತಿರಲಿಲ್ಲ. ಎಚ್ಚರ ಅರ್ಧ, ಅದೃಷ್ಟ ಅರ್ಧ.

ಚಂದ್ರನ ಮೇಲೆ ಮನುಷ್ಯರನ್ನು ಇಳಿಸುವಾಗ ಬರೀ ಅದೃಷ್ಟ ನಂಬೋಕೆ ಆಗುತ್ತಿರಲಿಲ್ಲ. ಅಪೊಲೊಗೆ ಮುಂಚೆ, 1966 ಮತ್ತು 1967ರಲ್ಲಿ, ಅಮೆರಿಕ ಲೂನಾರ್ ಆರ್ಬಿಟರ್ ಎಂಬ ಐದು ನೌಕೆಗಳನ್ನು ಕಳಿಸಿತು. ಮುಖ್ಯ ಕೆಲಸ ಇಳಿಯೋ ಜಾಗ ಹುಡುಕುವುದು. ಇವೂ ಹಾರುವ ಫೋಟೋ ಸ್ಟುಡಿಯೋಗಳೇ: ಫಿಲ್ಮು, ಅದನ್ನು ತೊಳೆಯುವ ರಾಸಾಯನಿಕ, ಸ್ಕ್ಯಾನರು, ಎಲ್ಲವೂ ಒಳಗೇ. ಐದೂ ಗೆದ್ದವು. ಐದೂ ಸೇರಿ ಚಂದ್ರನ ಶೇಕಡಾ 99ರಷ್ಟು ನೆಲದ ಚಿತ್ರ ತೆಗೆದವು. ಚಂದ್ರನ ಹತ್ತಿರದಿಂದ ಭೂಮಿಯನ್ನು ನೋಡಿದ ಮೊದಲ ಫೋಟೋವನ್ನೂ ಲೂನಾರ್ ಆರ್ಬಿಟರ್ 1 ತೆಗೆಯಿತು. ತಾರೀಖು ಕೇಳಿ: 1966ರ ಆಗಸ್ಟ್ 23. ವಿಕ್ರಮ್ ಇಳಿಯೋಕೆ ಸರಿಯಾಗಿ 57 ವರ್ಷ ಮುಂಚೆ.

ಇಷ್ಟಾದರೂ 1969ರ ಜುಲೈನಲ್ಲಿ ಅಪೊಲೊ 11ರ ಕಂಪ್ಯೂಟರು ನೌಕೆಯನ್ನು ಬಂಡೆಗಳು ಚೆಲ್ಲಿದ್ದ ಒಂದು ಕುಳಿಯ ಕಡೆಗೇ ಕರೆದೊಯ್ಯುತ್ತಿತ್ತು. ಅಂದುಕೊಂಡ ಜಾಗ ದಾಟಿಹೋಗಿತ್ತು. ನೀಲ್ ಆರ್ಮ್‌ಸ್ಟ್ರಾಂಗ್ ಕಿಟಕಿಯಿಂದ ಕಣ್ಣಾರೆ ನೋಡಿ, ನಿಯಂತ್ರಣ ತನ್ನ ಕೈಗೆ ತಗೊಂಡು, ಬಂಡೆಗಳನ್ನು ದಾಟಿಸಿ, ಇಂಧನ ಮುಗಿಯೋಕೆ ಒಂದು ನಿಮಿಷವೂ ಉಳಿದಿರದಾಗ ಇಳಿಸಿದ. ನಕ್ಷೆ ಒಂದು ಹಂತದವರೆಗೆ ತಂದು ಬಿಡುತ್ತೆ. ಕೊನೇ ಕ್ಷಣದಲ್ಲಿ ಮತ್ತೆ ನೋಡುವ ಕಣ್ಣು ಬೇಕೇ ಬೇಕು. ಈ ಮಾತನ್ನೂ ನೆನಪಿಟ್ಟುಕೊಳ್ಳಿ, ವಿಕ್ರಮ್‌ಗೆ ಬರುವಾಗ ಬೇಕಾಗುತ್ತೆ.

ಅಪೊಲೊ 15, 16, 17ರ ಹೊತ್ತಿಗೆ ಫೋಟೋಗ್ರಾಮೆಟ್ರಿಗೆಂದೇ ಮಾಡಿದ ಅಳತೆಯ ಕ್ಯಾಮೆರಾಗಳು ಚಂದ್ರನ ಸುತ್ತ ತಿರುಗಿದವು. ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಹಾಯುವ ಹಾಗೆ ಸಾಲು ಸಾಲು ಫೋಟೋಗಳು. ಜೊತೆಗೆ ಎತ್ತರ ಅಳೆಯಲು ಲೇಸರು, ಕ್ಯಾಮೆರಾ ಯಾವ ಕಡೆ ತಿರುಗಿದೆ ಅಂತ ತಿಳಿಯಲು ನಕ್ಷತ್ರಗಳ ಫೋಟೋ ತೆಗೆಯುವ ಇನ್ನೊಂದು ಕ್ಯಾಮೆರಾ. ಈ ಫಿಲ್ಮನ್ನು ರೇಡಿಯೋದಲ್ಲಿ ಕಳಿಸದೆ ಭೂಮಿಗೇ ತರಬೇಕಿತ್ತು. ಅದು ನೌಕೆಯ ಹೊರಮೈಯಲ್ಲಿತ್ತು. 1971ರ ಆಗಸ್ಟ್ 5ರಂದು ಆಲ್ ವರ್ಡನ್, ಭೂಮಿಯಿಂದ ಮೂರು ಲಕ್ಷ ಕಿಲೋಮೀಟರ್‌ಗೂ ದೂರದಲ್ಲಿ, ನೌಕೆಯಿಂದ ಹೊರಬಂದು, ತೆವಳಿಕೊಂಡು ಹೋಗಿ ಫಿಲ್ಮಿನ ಡಬ್ಬಗಳನ್ನು ತಂದ. ಹತ್ತದೆ ಅಳೆಯುವ ವಿದ್ಯೆಗೋಸ್ಕರ ಒಬ್ಬ ಮತ್ತೆ ಗೋಡೆ ಹತ್ತಿದ್ದ!

ಬೆಳಕೇ ಇಲ್ಲದ ಕಡೆ? ಶುಕ್ರಗ್ರಹವನ್ನು ದಪ್ಪ ಮೋಡ ಯಾವಾಗಲೂ ಮುಚ್ಚಿರುತ್ತೆ, ಕಕ್ಷೆಯಿಂದ ಸಾಮಾನ್ಯ ಕ್ಯಾಮೆರಾಗೆ ಅದರ ನೆಲ ಕಾಣಲ್ಲ. 1990ರಿಂದ 1994ರವರೆಗೆ ಮೆಗೆಲನ್ ನೌಕೆ ರೇಡಾರ್ ಅಲೆಗಳನ್ನು ಓರೆಯಾಗಿ ಬಿಟ್ಟು, ನೆಲಕ್ಕೆ ತಾಗಿ ಮರಳಿದ್ದನ್ನು ಹಿಡಿದು, ಗ್ರಹದ ಶೇಕಡಾ 98ರಷ್ಟು ಭಾಗದ ಚಿತ್ರ ಕಟ್ಟಿತು. ಅಲ್ಲೂ ಅದೇ ಪಾಠ: ಕೆಲವು ಪ್ರದೇಶಗಳನ್ನು ಬೇರೆ ಕೋನದಿಂದ ಎರಡನೇ ಸಲ ನೋಡಿದಾಗಲೇ ಬೆಟ್ಟಗಳು ಚಿತ್ರದಿಂದ ಎದ್ದು ನಿಂತಿದ್ದು. ಬೆಳಕಾಗಲಿ ರೇಡಾರಾಗಲಿ, ಎರಡು ನೋಟ ಅನ್ನೋ ನಿಯಮ ಬದಲಾಗಲ್ಲ.

ಈಗ ನಮ್ಮ ಊರಿನ ಕಥೆಗೆ ಬರೋಣ.

2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ 1ರಲ್ಲಿ ಟೆರೇನ್ ಮ್ಯಾಪಿಂಗ್ ಕ್ಯಾಮೆರಾ ಅನ್ನೋದಿತ್ತು. ಅಹಮದಾಬಾದಿನ ಇಸ್ರೋ ಕೇಂದ್ರ ಮಾಡಿದ್ದು. ಇದಕ್ಕೆ ಮೂರು ನೋಟ: ಒಂದು ಮುಂದಕ್ಕೆ ಓರೆಯಾಗಿ, ಒಂದು ನೇರ ಕೆಳಕ್ಕೆ, ಒಂದು ಹಿಂದಕ್ಕೆ ಓರೆಯಾಗಿ. ನೂರು ಕಿಲೋಮೀಟರ್ ಮೇಲಿಂದ ನೌಕೆ ಸಾಗುವಾಗ ಚಂದ್ರನ ಒಂದೇ ಬೆಟ್ಟವನ್ನು ಮೊದಲು ಮುಂದಿನ ನೋಟ, ಆಮೇಲೆ ಕೆಳಗಿನದು, ಕೊನೆಗೆ ಹಿಂದಿನದು ನೋಡುತ್ತೆ. ಮೊದಲನೆಯದಕ್ಕೂ ಕೊನೆಯದಕ್ಕೂ ಸುಮಾರು ಒಂದು ನಿಮಿಷದ ಅಂತರ. ಚಿತ್ರದ ಒಂದೊಂದು ಚುಕ್ಕಿಗೆ ನೆಲದ ಮೇಲೆ ಐದು ಮೀಟರ್. ನೂರು ಮೀಟರ್ ಎತ್ತರದ ಗುಡ್ಡದ ತುದಿ, ಮುಂದಿನ ಮತ್ತು ಹಿಂದಿನ ಚಿತ್ರಗಳ ನಡುವೆ ಬುಡಕ್ಕಿಂತ ಹೆಚ್ಚುಕಡಿಮೆ ನೂರು ಮೀಟರ್‌ನಷ್ಟೇ ಸರಿದ ಹಾಗೆ ಕಾಣುತ್ತೆ. ಅಂದರೆ ಸುಮಾರು ಇಪ್ಪತ್ತು ಚುಕ್ಕಿ. ಕಂಪ್ಯೂಟರು ಎಣಿಸೋದು ಇದನ್ನೇ. ನಿಮ್ಮ ಹೆಬ್ಬೆರಳಿನ ಜಿಗಿತವೇ, ಚುಕ್ಕಿ ಲೆಕ್ಕದಲ್ಲಿ.

2019ರ ಚಂದ್ರಯಾನ 2ರ ಆರ್ಬಿಟರ್‌ನಲ್ಲಿ ಇನ್ನೂ ಚುರುಕು ಕಣ್ಣು ಹೋಯಿತು. ಹೆಸರು ಓಎಚ್‌ಆರ್‌ಸಿ. ನೂರು ಕಿಲೋಮೀಟರ್ ಮೇಲಿಂದ ಮೂವತ್ತು ಸೆಂಟಿಮೀಟರಿನಷ್ಟು ಸಣ್ಣದನ್ನೂ ಗುರುತಿಸುವಂಥದ್ದು. ವೈಕಿಂಗ್ ಕಾಲದಲ್ಲಿ ಸ್ಟೇಡಿಯಂ ಕಾಣುತ್ತಿತ್ತು, ಈಗ ಸ್ಟೇಡಿಯಂ ಒಳಗಿನ ಕುರ್ಚಿ. ಆದರೆ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಬಿತ್ತು. ಆ ರಾತ್ರಿ ಎದ್ದು ಕೂತಿದ್ದವರಿಗೆ ಅದು ಬರೀ ಸುದ್ದಿಯಾಗಿರಲಿಲ್ಲ.

ಯಾಕೆ ಬಿತ್ತು? ಇಸ್ರೋ ಮುಖ್ಯಸ್ಥರಾಗಿದ್ದ ಸೋಮನಾಥ್ 2023ರಲ್ಲಿ ವಿವರಿಸಿದ್ದರು. ಇಂಜಿನ್ನುಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ಒತ್ತಿದವು. ತಪ್ಪುಗಳು ಕೂಡುತ್ತಾ ಹೋದವು. ಅವನ್ನು ಸರಿಪಡಿಸಲು ಬೇಗ ಬೇಗ ತಿರುಗಬೇಕಿತ್ತು, ಆದರೆ ಸಾಫ್ಟ್‌ವೇರ್ ಅಷ್ಟು ಬೇಗ ತಿರುಗೋಕೆ ಬಿಡಲಿಲ್ಲ. ಇಳಿಯಲು ಗೊತ್ತುಮಾಡಿದ ಜಾಗವೋ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಅಲ್ಲಿಗೇ ತಲುಪಬೇಕು ಅಂತ ನೌಕೆ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಯಿತು.

ಬಿದ್ದ ನೌಕೆಯನ್ನು ಹುಡುಕಿದ ಕಥೆಯೂ ಎರಡು ಫೋಟೋಗಳ ಕಥೆಯೇ. ನಾಸಾದ ಲೂನಾರ್ ರೆಕನೈಸೆನ್ಸ್ ಆರ್ಬಿಟರ್ ಸೆಪ್ಟೆಂಬರ್ 17ರಂದು ಆ ಜಾಗದ ಚಿತ್ರ ತೆಗೆದು ಎಲ್ಲರಿಗೂ ಬಿಡುಗಡೆ ಮಾಡಿತು. ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಎಂಬ ಇಂಜಿನಿಯರ್, ನಮ್ಮ ನಿಮ್ಮ ಹಾಗೆ ಕೆಲಸಕ್ಕೆ ಹೋಗುವವರು, ಆ ಚಿತ್ರವನ್ನೂ ಬೀಳುವ ಮುಂಚಿನ ಹಳೆಯ ಚಿತ್ರವನ್ನೂ ಪಕ್ಕಪಕ್ಕ ಇಟ್ಟು, ಚುಕ್ಕಿಗೆ ಚುಕ್ಕಿ ಹೋಲಿಸಿದರು. ಹಳೆಯದರಲ್ಲಿ ಇಲ್ಲದ ಒಂದೇ ಒಂದು ಬೆಳಕಿನ ಚುಕ್ಕಿ ಹೊಸದರಲ್ಲಿತ್ತು. ನಾಸಾಗೆ ಬರೆದರು. ಡಿಸೆಂಬರ್ 2ರಂದು ನಾಸಾ ಅದು ವಿಕ್ರಮ್‌ನ ಚೂರು ಅಂತ ಒಪ್ಪಿ, ಅವರ ಹೆಸರು ಹೇಳಿತು. ನೌಕೆ ಬಿದ್ದ ಮುಖ್ಯ ಜಾಗದಿಂದ ಸುಮಾರು 750 ಮೀಟರ್ ಆಚೆ ಇತ್ತು ಆ ಚೂರು. ವಿಕ್ರಮ್ ಎಲ್ಲಿದೆ ಅಂತ ನಮ್ಮ ಆರ್ಬಿಟರ್ ಮೊದಲೇ ಕಂಡುಕೊಂಡಿತ್ತು ಅಂತ ಇಸ್ರೋ ಹೇಳಿತು. ಅದಿರಲಿ. ಮನೆಯ ಕಂಪ್ಯೂಟರಿನ ಎದುರು ಕೂತ ಒಬ್ಬರು ಚಂದ್ರನ ಮೇಲಿನ ಚೂರೊಂದನ್ನು ಹುಡುಕಿದರಲ್ಲ, ನನಗೆ ದೊಡ್ಡದು ಅನ್ನಿಸಿದ್ದು ಅದು.

ನಮ್ಮಲ್ಲಿ ತುಂಬಾ ಜನ ಮರೆಯೋ ವಿಷಯ ಒಂದಿದೆ. 2019ರಲ್ಲಿ ಬಿದ್ದದ್ದು ಲ್ಯಾಂಡರ್ ಮಾತ್ರ. ಆರ್ಬಿಟರ್ ಮೇಲೆ ಸುತ್ತುತ್ತಲೇ ಇತ್ತು, ನೋಡುತ್ತಲೇ ಇತ್ತು. ಚಂದ್ರಯಾನ 3 ಎಲ್ಲಿ ಇಳಿಯಬೇಕು ಅಂತ ನಿರ್ಧರಿಸುವಾಗ ಬಂಡೆ, ಗುಂಡಿ, ಇಳಿಜಾರು ನೋಡಲು ಬಳಕೆಯಾದದ್ದು ಆ ಸೋತ ಯಾತ್ರೆಯ ಕಣ್ಣೇ. ಈ ಸಲ ಜಾಗವನ್ನು ಸುಮಾರು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಕಾಲುಗಳನ್ನು ಗಟ್ಟಿ ಮಾಡಿದರು. ಇಂಧನ ಜಾಸ್ತಿ ತುಂಬಿದರು. ಅದರ ಜೊತೆ ಇಳಿಯುವಾಗ ನೋಡೋಕೆ ಕ್ಯಾಮೆರಾಗಳು: ಒಂದು ಕೆಳಗಿನ ನೆಲವನ್ನು ತನ್ನಲ್ಲಿರುವ ನಕ್ಷೆಯ ಜೊತೆ ಹೋಲಿಸಿ ತಾನೆಲ್ಲಿದ್ದೇನೆ ಅಂತ ತಿಳಿಯೋದು, ಇನ್ನೊಂದು ಅಪಾಯ ಗುರುತಿಸೋದು. ನೆಲದಿಂದ ಸುಮಾರು 150 ಮೀಟರ್ ಮೇಲೆ ವಿಕ್ರಮ್ ಗಾಳಿಯೇ ಇಲ್ಲದಲ್ಲಿ ತೂಗಿ ನಿಂತು ಕೆಳಗೆ ನೋಡಿತು. ಆರ್ಮ್‌ಸ್ಟ್ರಾಂಗ್ ಕಿಟಕಿಯಿಂದ ನೋಡಿದ ಆ ಕೊನೆಯ ನೋಟ ಇದೇ. ನಮ್ಮ ಪ್ಯಾಂಟ್ರಿಯಲ್ಲಿ ಎಲ್ಲರೂ ಉಸಿರು ಹಿಡಿದದ್ದು ಆಗಲೇ.

ಅದೇ ರಾತ್ರಿ ಚಂದ್ರಯಾನ 2ರ ಆರ್ಬಿಟರ್ ಮೇಲಿಂದ ಹಾದುಹೋಗುತ್ತಾ ಕೆಳಗೆ ನಿಂತಿದ್ದ ಹೊಸ ವಿಕ್ರಮ್‌ನ ಫೋಟೋ ತೆಗೆಯಿತು. ಇಳಿಯುವ ಮುಂಚಿನದು, ಇಳಿದ ಮೇಲಿನದು, ಎರಡು ಚಿತ್ರ ಪಕ್ಕಪಕ್ಕ. ಒಂದರಲ್ಲಿ ಖಾಲಿ ನೆಲ, ಇನ್ನೊಂದರಲ್ಲಿ ಒಂದು ಬಿಳಿ ಚುಕ್ಕಿ ಮತ್ತು ಅದರ ಪುಟ್ಟ ನೆರಳು. ನಾಲ್ಕು ವರ್ಷ ಹಿಂದೆ ಷಣ್ಮುಗ ಅವರು ಹುಡುಕಿದ್ದೂ ಇಂಥದ್ದೇ ಚುಕ್ಕಿ. ಈ ಸಲ ಅದು ಚೂರಾಗಿರಲಿಲ್ಲ.

ಆಮೇಲೆ ಪ್ರಜ್ಞಾನ್ ಇಳಿದು ಓಡಾಡಿತು. ಅದರ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕ್ಯಾಮೆರಾ, ನಮ್ಮ ಎರಡು ಕಣ್ಣುಗಳ ಹಾಗೆ. ಆ ಎರಡು ಚಿತ್ರಗಳು ಭೂಮಿಗೆ ಬರುತ್ತವೆ. ಅವುಗಳಿಂದ ಮುಂದಿನ ನೆಲದ ಏರುತಗ್ಗಿನ ಮಾದರಿ ಕಟ್ಟುತ್ತಾರೆ, ದಾರಿ ಆರಿಸುತ್ತಾರೆ, ಆಮೇಲೆ ಹೋಗು ಅಂತ ಆಜ್ಞೆ ಕೊಡುತ್ತಾರೆ. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಗುಂಡಿಯೊಂದು ಕಂಡಿತು. ಪ್ರಜ್ಞಾನ್ ತಿರುಗಿ ಬೇರೆ ದಾರಿ ಹಿಡಿಯಿತು. ಅಮ್ಮ, ನೀನು ಕೇಳಿದ್ದ ಗುಂಡಿ ಇದೇ ನೋಡು.

ಆ ಎರಡು ಕಣ್ಣುಗಳನ್ನು ಮಾಡಿದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಪ್ರಯೋಗಾಲಯ. ಲಿಯೋಸ್ ಅಂತ ಅದರ ಹೆಸರು. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು 1975ಕ್ಕೆ ಮುಂಚೆ ಕಟ್ಟಿದ್ದು ಅದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಅದೇ ಜಾಗದಲ್ಲಿ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆ ಏರಿಯಾವನ್ನು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. ಈಗ ಹಾದುಹೋಗುವಾಗ ಒಮ್ಮೆ ಆ ಕಡೆ ನೋಡ್ತೀನಿ. ಸೆಪ್ಟೆಂಬರ್ 5ರಂದು ಇಸ್ರೋ ಆ ಎಡಬಲ ಚಿತ್ರಗಳನ್ನು ಬೆರೆಸಿ ಒಂದೇ ಚಿತ್ರ ಮಾಡಿ ಬಿಡುಗಡೆ ಮಾಡಿತು. ಕೆಂಪು ಮತ್ತು ನೀಲಿಹಸಿರು ಗಾಜಿನ ಕನ್ನಡಕ ಹಾಕಿ ನೋಡಿದರೆ ವಿಕ್ರಮ್ ನೆಲದಿಂದ ಎದ್ದು ನಿಂತ ಹಾಗೆ ಕಾಣುತ್ತೆ.

ನಾನು ಆನ್‌ಲೈನ್‌ನಲ್ಲಿ ಒಂದು ಅಗ್ಗದ ಕನ್ನಡಕ ತರಿಸಿದೆ. ಹಬ್ಬಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಅಮ್ಮನ ಮೂಗಿನ ಮೇಲೆ ಆ ಕಾಗದದ ಕನ್ನಡಕ ಕೂರಿಸಿದೆ. ಮೊದಲು "ಏನೂ ಕಾಣಲ್ವೋ" ಅಂದರು. ಆಮೇಲೆ ಸುಮ್ಮನಾದರು. ಕೈ ಮುಂದೆ ಚಾಚಿ ಪರದೆಯ ಎದುರು ಗಾಳಿಯನ್ನು ಮುಟ್ಟಿ ನೋಡಿದರು. "ಒಂದು ಕಣ್ಣು ಮುಚ್ಚಿ ನೋಡಮ್ಮ" ಅಂದೆ. ಮುಚ್ಚಿದರು. "ಹೋಯ್ತಲ್ಲೋ!" ತೆರೆದರು. "ಬಂತು."

ನೂರೈವತ್ತು ವರ್ಷಕ್ಕೂ ಹಳೆಯ ವಿದ್ಯೆ ಅಮ್ಮನಿಗೆ ಎರಡು ನಿಮಿಷದಲ್ಲಿ ಅರ್ಥವಾಯಿತು. ನನಗೆ ಅರ್ಥವಾಗಲು ಒಂದು ತಿಂಗಳು ಬೇಕಾಗಿತ್ತು.

ನಿಮಗೂ ಆಸೆ ಇದ್ದರೆ ಬಹಳ ದೂರ ಹೋಗಬೇಕಿಲ್ಲ. ಚಂದ್ರಯಾನದ ಚಿತ್ರಗಳನ್ನು ಕೂಡಿಡುವ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ, ಚಂದ್ರನ ಮಾತು ಕೇಳಿಸಿಕೊಳ್ಳುವ ದೊಡ್ಡ ಆಂಟೆನಾಗಳ ಪಕ್ಕದಲ್ಲಿ. ಅದರ 'ಪ್ರದಾನ್' ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಚಂದ್ರಯಾನ 2ರ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು. ಒಂದು ಚಿತ್ರ ತೆರೆದಾಗ ಅದರಲ್ಲಿ ಗುಡ್ಡ ಕಂಡರೆ ತಕ್ಷಣ ನಂಬಬೇಡಿ. ಬಿಸಿಲು ಯಾವ ಕಡೆಯಿಂದ ಬಿದ್ದಿದೆ ಅಂತ ಮೊದಲು ನೋಡಿ. ಚಿತ್ರ ತಲೆಕೆಳಗಾದರೆ ಗುಂಡಿಯೇ ಗುಡ್ಡವಾಗಿ ಕಾಣುತ್ತೆ. ಆಮೇಲೆ ಅದೇ ಜಾಗದ ಇನ್ನೊಂದು ಚಿತ್ರ ಹುಡುಕಿ, ಪಕ್ಕದಲ್ಲಿಟ್ಟು ನೋಡಿ. ಅಷ್ಟು ಮಾಡಿದ ಮೇಲೆ ಅದು ಗುಡ್ಡ ಅಂತ ಹೇಳಿ.